ಖುಲಾ ಪತ್ರದ ಕೊನೆಯ ಸಾಲು

ಹಾಸನದಲ್ಲಿ ನಾನು ಕೌಟುಂಬಿಕ ಕೇಸುಗಳನ್ನೇ ಜಾಸ್ತಿ ನಡೆಸುವ ವಕೀಲೆ. ಒಂದು ದಿನ ಸಕಲೇಶಪುರ ಕಡೆಯ ಹೆಣ್ಣುಮಗಳೊಬ್ಬಳು ತಾಯಿಯ ಜೊತೆ ಬಂದಳು. ಕೈಯಲ್ಲಿ ಉರ್ದುವಿನಲ್ಲಿ ಬರೆದ ಖುಲಾ ಪತ್ರ, ಅಂದರೆ ಮುಸ್ಲಿಂ ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನದ ಪತ್ರ ಇತ್ತು. ಅದನ್ನು ಮಾಡಿಸಿಕೊಟ್ಟವರು ಅವರ ಖಾಜಿ ಸಾಹೇಬರು. ಗಂಡ ಹೆಂಡತಿಯ ಸಹಿ, ಸಾಕ್ಷಿಗಳ ಸಹಿ, ಜಮಾತಿನ ಸೀಲು ಎಲ್ಲ ಇತ್ತು. ಆದರೂ ಒಂದು ಕಚೇರಿಯಲ್ಲಿ ಒಪ್ಪದೆ, ಕೋರ್ಟ್ ಆದೇಶ ತನ್ನಿ ಎಂದಿದ್ದರು.

"ಹಾಗಾದ್ರೆ ನನ್ನ ಖುಲಾ ಆಗೇ ಇಲ್ವಾ ಮೇಡಂ?"

ಆಗಿದೆ ಎಂದೆ. 1937ರ ಶರಿಯತ್ ಕಾಯ್ದೆಯ 2ನೇ ಕಲಮಿನಲ್ಲೇ ಖುಲಾ, ಮುಬಾರತ್ (ಗಂಡ ಹೆಂಡತಿ ಇಬ್ಬರೂ ಒಪ್ಪಿ ಬೇರೆಯಾಗುವುದು) ಎರಡರ ಹೆಸರೂ ಇದೆ. ಆದರೆ ಖಾಜಿ ಸಾಹೇಬರು ನ್ಯಾಯಾಧೀಶರಲ್ಲ. ಖಾಜಿಗಳ ನೇಮಕಕ್ಕೆಂದೇ ಬಂದ 1880ರ ಕಾಯ್ದೆ ಕೂಡ ಅವರಿಗೆ ಆ ಅಧಿಕಾರ ಕೊಟ್ಟಿಲ್ಲ. ಇಷ್ಟವಿದ್ದವರು ದಾರುಲ್ ಖಜಾಗೆ (ಶರಿಯತ್ ಪ್ರಕಾರ ವ್ಯಾಜ್ಯ ತೀರಿಸುವ ಖಾಸಗಿ ಪೀಠ) ಹೋಗಬಹುದು, ಅಲ್ಲಿನ ತೀರ್ಮಾನವನ್ನು ಯಾರ ಮೇಲೂ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಹಾಗಾಗಿ 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 7ನೇ ಕಲಮಿನಡಿ, ಮದುವೆ ಮುಗಿದಿದೆ ಎಂದು ಘೋಷಿಸಲು ದಾವೆ ಹಾಕುವುದೆಂದು ತೀರ್ಮಾನಿಸಿದೆ.

ದಾವೆಗೆ ಮೊದಲು ಪತ್ರವನ್ನು ಕನ್ನಡಕ್ಕೆ ಮಾಡಿಸಿದೆ. ಹಿಂದೊಮ್ಮೆ ಈ ಕೆಲಸ ಬಿಟ್ಟು ಪಶ್ಚಾತ್ತಾಪ ಪಟ್ಟಿದ್ದೇನೆ. ಈ ಹುಡುಗಿ ಕನ್ನಡ ಶಾಲೆಯಲ್ಲಿ ಓದಿದವಳು, ಉರ್ದು ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಮೆಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಹಣ) ಬಿಟ್ಟಿದ್ದೇನೆ ಎಂದಷ್ಟೇ ತಿಳಿದು ಸಹಿ ಮಾಡಿದ್ದಳು. ಕೊನೆಯ ಸಾಲಿನಲ್ಲಿ, ಮಗುವಿನ ಖರ್ಚನ್ನೂ ಮುಂದೆ ಕೇಳುವುದಿಲ್ಲ ಎಂದಿತ್ತು. ಕೇಳಿ ಅವಳು ಅತ್ತೇಬಿಟ್ಟಳು.

ಮೆಹರ್ ಅವಳದು, ಬಿಡಬಹುದು. ಮಗುವಿನ ಜೀವನಾಂಶ ಮಗುವಿನ ಹಕ್ಕು. ಅದನ್ನು ತಾಯಿ ಬರೆದುಕೊಟ್ಟರೂ ಕೋರ್ಟು ಒಪ್ಪಬೇಕಿಲ್ಲ. ಆದರೆ ಆ ಸಾಲು ಹಾಗೇ ಉಳಿದರೆ ಎದುರು ಪಕ್ಷದವರು ಅದನ್ನೇ ಹಿಡಿದು ವರ್ಷಗಟ್ಟಲೆ ಎಳೆಯುತ್ತಾರೆ. ನೋಟಿಸ್ ಕಳಿಸುವ ಬದಲು ನಾನೇ ಖಾಜಿ ಸಾಹೇಬರ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಶರಿಯತ್ತಿನಲ್ಲೂ ಮಗುವಿನ ಖರ್ಚು ತಂದೆಯದೇ ಅಮ್ಮಾ. ಇದನ್ನು ನಾನು ಬಿಡಬಾರದಿತ್ತು."

ಸಹಿಯಾದ ಕಾಗದವನ್ನು ತಿದ್ದುವುದು ಬೇಡ ಎಂದೆ. ಅವರೇ ಗಂಡನನ್ನು ಕರೆಸಿದರು. ಕಾಫಿ ತೋಟದಲ್ಲಿ ಡ್ರೈವರ್ ಆಗಿದ್ದ ಅವನು ಮೊದಲು ಮುಖ ಗಂಟು ಹಾಕಿಕೊಂಡ. ಖಾಜಿಯವರು ಅವನ ಜೊತೆ ಒಬ್ಬರೇ ಕೂತು ಮಾತಾಡಿದರು. ಆಮೇಲೆ ತಿಂಗಳಿಗೆ 4,000 ರೂಪಾಯಿ ಕೊಡುವ ಇನ್ನೊಂದು ಕರಾರು ಬರೆದೆವು. ಈ ಸಲ ಕನ್ನಡದಲ್ಲಿ. ಸಹಿಗೆ ಮೊದಲು ಹುಡುಗಿಯೇ ಅದನ್ನು ಜೋರಾಗಿ ಓದಿದಳು.

ಕೋರ್ಟಿನಲ್ಲಿ ಗಂಡ ತಕರಾರು ಮಾಡಲಿಲ್ಲ. ಖಾಜಿ ಸಾಹೇಬರು ತಮ್ಮ ರಿಜಿಸ್ಟರ್ ಹಿಡಿದು ಸಾಕ್ಷಿ ಹೇಳಿದರು. ಡಿಕ್ರಿಯಲ್ಲಿ ಎರಡನೇ ಕರಾರೂ ಸೇರಿತು. ಅವನು ಖುಲಾಗೇ ಒಪ್ಪದಿದ್ದರೆ 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯಡಿ ಕೋರ್ಟಿನಲ್ಲಿ ವಿಚ್ಛೇದನ ಕೇಳಬಹುದಿತ್ತು. ಎರಡು ವರ್ಷ ಹೆಂಡತಿಯನ್ನು ಸಾಕದಿರುವುದು ಅದರಲ್ಲಿ ಒಂದು ಕಾರಣ.

ಈಗ ಆ ಖಾಜಿ ಸಾಹೇಬರು ಖುಲಾ ಪತ್ರದ ಜೊತೆ ಕನ್ನಡದ ಪ್ರತಿಯನ್ನೂ ಕೊಡುತ್ತಾರೆ.