ಬಾರದ ಪಿಟೀಲಿನಲ್ಲಿ ಟ್ಯೂನ್ ಹುಡುಕಿದ್ದು

ಕೀಬೋರ್ಡ್, ಕೊಳಲು, ಗಿಟಾರ್, ತಬಲಾ ನಾಲ್ಕೂ ನುಡಿಸುತ್ತೇನೆ. ವಯಸ್ಸು 22. "ಹತ್ತು ಕಡೆ ತೋಡಿದರೆ ನೀರು ಸಿಗಲ್ಲ ಕಣೋ" ಅಂತ ಗುರುಗಳಿಂದ ಹಿಡಿದು ಎಲ್ಲರೂ ಹೇಳಿದ್ದರು. ಸಂಗೀತ ಸಂಯೋಜನೆಗೆ ಇಳಿದ ಮೊದಲ ಎರಡು ವರ್ಷ ಅವರ ಮಾತೇ ನಿಜ ಅನ್ನಿಸಿತ್ತು. ಸುಮಾರು 40 ಟ್ಯೂನ್ ಮಾಡಿರಬಹುದು, ಎಲ್ಲ ಒಂದೇ ಥರ. ಕೀಬೋರ್ಡ್ ಮುಂದೆ ಕೂತರೆ ಎಡಗೈ ತಾನಾಗಿಯೇ ಅದೇ ನಾಲ್ಕು ಕಾರ್ಡ್‌ಗಳ (ಒಟ್ಟಿಗೆ ಒತ್ತುವ ಸ್ವರಗುಚ್ಛ) ಮೇಲೆ ಹೋಗಿ ಬೀಳುತ್ತಿತ್ತು.

ಸೌಂಡ್ ಸರಿಯಿಲ್ಲ ಅಂದುಕೊಂಡೆ. ಕಾರ್ಯಕ್ರಮಗಳಲ್ಲಿ ನುಡಿಸಿ ಕೂಡಿಟ್ಟ ದುಡ್ಡಿನಲ್ಲಿ ಮುಕ್ಕಾಲು ಪಾಲನ್ನು ಆರ್ಕೆಸ್ಟ್ರಾ ಸ್ಯಾಂಪಲ್‌ಗಳಿಗೆ, ಅಂದರೆ ಕಂಪ್ಯೂಟರಿನಲ್ಲಿ ನುಡಿಸಲು ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯಗಳ ಸದ್ದಿಗೆ, ಸುರಿದೆ. ಲ್ಯಾಪ್‌ಟಾಪ್ ತಡೆಯಲಿಲ್ಲ. ಬಫರ್ ಅನ್ನು, ಅಂದರೆ ಸದ್ದು ಹೊರಡುವ ಮೊದಲು ಲ್ಯಾಪ್‌ಟಾಪ್ ತುಂಬಿಟ್ಟುಕೊಳ್ಳುವ ಪಾಲನ್ನು, 128ರಿಂದ 1024ಕ್ಕೆ ಏರಿಸಿದೆ, ಕೀ ಒತ್ತಿ ಸದ್ದಿಗೆ ಕಾಯುವ ಹಾಗಾಯಿತು. ಟ್ಯೂನ್ ಮಾತ್ರ ಅದೇ! ಆ ದುಡ್ಡಿಗೆ ಒಳ್ಳೆ ಮೈಕ್ ಬಂದು ಇನ್ನೂ ಮಿಗುತ್ತಿತ್ತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಆಮೇಲೆ ಹಳೇ ಪಿಟೀಲೊಂದನ್ನು ಎತ್ತಿಕೊಂಡೆ. ನನಗದು ಬರಲ್ಲ. ಒಂದೇ ತಂತಿ, ಒಂದೇ ಬೆರಳು. ಗೆಳೆಯರು ಬಿದ್ದು ಬಿದ್ದು ನಕ್ಕರು. ಬೆರಳಿಗೆ ದಾರಿ ಗೊತ್ತಿಲ್ಲದ್ದರಿಂದ ಸ್ವರ ಮೊದಲು ತಲೆಯಲ್ಲಿ ಕೇಳಿಸಬೇಕಿತ್ತು, ಕೈ ಆಮೇಲೆ. ಸಿಕ್ಕಿದ್ದನ್ನು ಫೋನಿಗೆ ಹಾಡಿ ಇಡುತ್ತಿದ್ದೆ. ಮರುದಿನ ಕೇಳದೆಯೇ ನೆನಪಾದರೆ ಉಳಿಯಿತು, ಇಲ್ಲಾಂದ್ರೆ ಅಳಿಸಿದೆ. ಹತ್ತಕ್ಕೆ ಎರಡು ಉಳಿದರೆ ಜಾಸ್ತಿ. ಆ ಎರಡು ತುಂಡನ್ನು ಹೇಗೆ ಬೆಸೆಯುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನುಡಿಸಲು ಬರುವ ವಾದ್ಯಗಳು ಅರೇಂಜ್‌ಮೆಂಟ್‌ಗೆ, ಅಂದರೆ ಟ್ಯೂನನ್ನು ವಾದ್ಯಗಳಿಗೆ ಹಂಚುವುದಕ್ಕೆ, ಕೆಲಸಕ್ಕೆ ಬಂದವು. ಹಿಂದೊಮ್ಮೆ ಕೀಬೋರ್ಡಿನಲ್ಲಿ ಮಾಡಿದ ಸಾಲನ್ನು ಕೊಳಲಿಗೆ ಕೊಟ್ಟಿದ್ದೆ. ಅರ್ಧ ನಿಮಿಷ ಉಸಿರಿಗೆ ಜಾಗವೇ ಇಲ್ಲ! ನುಡಿಸುವವನೂ ನಾನೇ, ಬೈಯುವುದು ಯಾರನ್ನು?

ನಡುವೆ ಸುಮ್ನೆ ಒಂದು ಆಟ ಆಡಿದೆ. ಮೋಹನ ರಾಗದಲ್ಲಿದ್ದ ಟ್ಯೂನನ್ನು ಒಂಚೂರೂ ಮುಟ್ಟದೆ, ಕೆಳಗೆ ಎಡೆಬಿಡದೆ ಮೊಳಗುವ ಶ್ರುತಿಯನ್ನಷ್ಟೇ ಷಡ್ಜದಿಂದ (ಸ) ಗಾಂಧಾರಕ್ಕೆ (ಗ) ಸರಿಸಿದೆ. ಹಿಂದೋಳ ರಾಗದ ಸ್ವರಗಳಾದವು. ಹೀಗೆ ಆಧಾರ ಸ್ವರ ಬದಲಿಸಿ ಬೇರೆ ರಾಗ ಹುಟ್ಟಿಸುವ ಗ್ರಹಭೇದ ಸಂಗೀತದವರಿಗೆಲ್ಲ ಗೊತ್ತಿರೋದೇ. ಗಮಕ (ಸ್ವರವನ್ನು ತೂಗುವ, ಜಾರಿಸುವ ರೀತಿ) ಬದಲಿಸದೆ ಹಿಂದೋಳ ಅಂದರೆ ಪಂಡಿತರು ಒಪ್ಪಲ್ಲ, ಅದೂ ಸರಿಯೇ. ಆದರೆ ನಗುತ್ತಿದ್ದ ಟ್ಯೂನಿನ ಮುಖ ಒಮ್ಮೆಲೇ ಬಾಡಿತು.

ಸಂಯೋಜನೆಯಿಂದ ಮೊದಲು ದುಡ್ಡು ಬಂದದ್ದು ಒಂದು ಕಿರುಚಿತ್ರದ ಹಿನ್ನೆಲೆ ಸಂಗೀತಕ್ಕೆ. ಸ್ಯಾಂಪಲ್‌ಗೆ ಸುರಿದದ್ದರಲ್ಲಿ ಕಾಲು ಭಾಗವೂ ವಾಪಸ್ ಬರಲಿಲ್ಲ. ಶುರುವಿನಲ್ಲಿ ಮೋಹನ, ಮನೆ ಖಾಲಿಯಾಗುವ ಕಡೆಯ ದೃಶ್ಯಕ್ಕೆ ಅದೇ ರೆಕಾರ್ಡಿಂಗ್, ಶ್ರುತಿ ಗಾಂಧಾರದಲ್ಲಿ. ನಿರ್ದೇಶಕರು ಕೇಳಿ, "ಕೊನೇದಕ್ಕೆ ಬೇರೆ ಟ್ಯೂನ್ ಮಾಡಿದ್ದು ಒಳ್ಳೇದಾಯ್ತು" ಅಂದರು. ನಾನು "ಹೂಂ ಸರ್" ಅಂದೆ.