‘ಬೋರ್ಡ್’ ಪದದ ಜಾಡು ಹಿಡಿಯುವುದು ಹೇಗೆ?

ಸ್ವಿಚ್ ಬೋರ್ಡ್, ಬೋರ್ಡಿಂಗ್ ಸ್ಕೂಲ್, ಬೋರ್ಡ್ ಮೀಟಿಂಗ್, ಬೋರ್ಡಿಂಗ್ ಪಾಸ್. ಇಂಥ ಬಹುರೂಪಿ ಇಂಗ್ಲಿಷ್ ಪದ ಎದುರಾದರೆ ಅರ್ಥಗಳನ್ನು ಬಾಯಿಪಾಠ ಮಾಡಲು ಹೋಗಬೇಡಿ. ಅನುವಾದವೇ ನನ್ನ ಕೆಲಸ; ನಾನು ಮೊದಲು ಹುಡುಕುವುದು ಪದದ ಅತಿ ಹಳೆಯ ಅರ್ಥವನ್ನು.

ಇದಕ್ಕೆ ತಕ್ಕ ನಿಘಂಟು ಬೇಕು. ಕಲಿಯುವವರಿಗಾಗಿ ಮಾಡಿದ ನಿಘಂಟುಗಳು ಹೆಚ್ಚು ಬಳಕೆಯ ಅರ್ಥವನ್ನು ಮೊದಲು ಕೊಡುತ್ತವೆ. 1884ರಿಂದ ಕಂತುಕಂತಾಗಿ ಬಂದು 1928ರಲ್ಲಿ ಪೂರ್ತಿಯಾದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಹಾಗಲ್ಲ, ಅದು ಪದದ ಚರಿತ್ರೆಯನ್ನು ಅನುಸರಿಸುತ್ತದೆ.

ಬೋರ್ಡ್ ಅಂದರೆ ಮೂಲದಲ್ಲಿ ಮರದ ಹಲಗೆ. ಇಲ್ಲಿಂದ ಒಂದೊಂದೇ ಹೆಜ್ಜೆ ಇಡಿ, ಹಾರಬೇಡಿ. ಮಧ್ಯಯುಗದ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಊಟದ ಮೇಜೆಂದರೆ ಬಿಡಿ ಕಾಲುಗಳ ಮೇಲೆ ಹಾಸಿದ ಹಲಗೆ. ಉಂಡಾದ ಮೇಲೆ ಎತ್ತಿಡುತ್ತಿದ್ದರು. ಹೀಗೆ ಹಲಗೆಯೇ ಮೇಜಾಯಿತು. ಮೇಜಿನ ಹೆಸರು ಅದರ ಮೇಲೆ ಬಡಿಸಿದ ಊಟಕ್ಕೂ ಬಂತು. ಬೋರ್ಡಿಂಗ್ ಸ್ಕೂಲಿನಲ್ಲಿರುವುದು ಈ ಊಟವೇ! ಅದೇ ಮೇಜಿನ ಸುತ್ತ ಕೂತು ತೀರ್ಮಾನ ಮಾಡುವವರು ಆಡಳಿತ ಮಂಡಳಿಯಾದರು. ನನಗೆ ತುಂಬಾ ಇಷ್ಟವಾದದ್ದು ಕಬರ್ಡ್ (cupboard), ಅಂದರೆ ಕಪ್ ಮತ್ತು ಬೋರ್ಡ್ ಸೇರಿದ ಪದ. ಅದು ಮೊದಲು ಬಟ್ಟಲುಗಳನ್ನು ಜೋಡಿಸಿಡುವ ಮೇಜು; ಬಾಗಿಲುಳ್ಳ ಕಪಾಟಾದದ್ದು ಆಮೇಲೆ. ಬರೆಯುವಾಗ ‘ಪ’ಕಾರ ಇನ್ನೂ ಇದೆ, ಉಚ್ಚಾರದಲ್ಲಿ ಸವೆದುಹೋಗಿದೆ.

ಬೋರ್ಡಿಂಗ್ ಪಾಸ್ ಮಾತ್ರ ಈ ದಾರಿಗೆ ಬರುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಹಡಗಿನ ಪಕ್ಕಕ್ಕೂ ‘ಬೋರ್ಡ್’ ಎಂಬ ಪದವಿತ್ತು. ಹಲಗೆ ಎಂಬರ್ಥದ ಪದದೊಡನೆ ಅದು ಬಹಳ ಹಿಂದೆಯೇ ಬೆರೆತುಹೋಯಿತು. ಹಡಗಿನ ಬಲಬದಿಗೆ ಸ್ಟಾರ್‌ಬೋರ್ಡ್ ಎನ್ನುತ್ತಾರಲ್ಲ, ಅಲ್ಲಿರುವುದು ನಕ್ಷತ್ರವಲ್ಲ, ‘ಸ್ಟಿಯರ್’: ದಿಕ್ಕು ತಿರುಗಿಸುವ ಹುಟ್ಟನ್ನು ಆ ಬದಿಗೆ ಕಟ್ಟುತ್ತಿದ್ದರು. ಹಡಗು ಹತ್ತುವ ಮಾತೇ ಮುಂದೆ ರೈಲಿಗೂ ವಿಮಾನಕ್ಕೂ ಬಂತು.

ಎಲ್ಲ ಪದಗಳಿಗೂ ಹೀಗೆ ನಂಟು ಸಿಗುವುದಿಲ್ಲ. ಆಟದ ಬ್ಯಾಟ್ ಬೇರೆ, ಬಾವಲಿ ಎಂಬರ್ಥದ ಬ್ಯಾಟ್ ಬೇರೆ. ಹುಟ್ಟಿನಿಂದಲೇ ಎರಡು ಪದಗಳು. ನಿಘಂಟಿನಲ್ಲಿ ಪದದ ನೆತ್ತಿಯ ಮೇಲೆ 1, 2 ಎಂದು ಪುಟ್ಟ ಅಂಕಿಗಳಿದ್ದರೆ ಪ್ರತಿಯೊಂದರ ಮೂಲವನ್ನೂ ಬೇರೆಬೇರೆಯಾಗಿ ಓದಿ, ಆಮೇಲಷ್ಟೇ ಅರ್ಥಗಳಿಗೆ ಕೈಹಾಕಿ.