ಹಳೆ ವಿದ್ಯಾರ್ಥಿಗಳಿಗೆ 418 ಪತ್ರ ಕಳಿಸಿದ್ದು

ನಮ್ಮೂರ ಹೈಸ್ಕೂಲು ಶುರುವಾದದ್ದು 1974ರ ಜೂನ್‌ನಲ್ಲಿ. ಮೊದಲ ಬ್ಯಾಚು ಎಸ್ಸೆಸ್ಸೆಲ್ಸಿ ಬರೆದದ್ದು 1977ರಲ್ಲಿ. 2024ರ ಡಿಸೆಂಬರ್‌ನಲ್ಲಿ ಐವತ್ತು ವರ್ಷದ ಕಾರ್ಯಕ್ರಮ ಮಾಡೋಣ ಅಂತ ಹಳೆ ವಿದ್ಯಾರ್ಥಿಗಳ ಸಂಘದಲ್ಲಿ ಮಾತಾಯಿತು. ಸಾಗರ ತಾಲ್ಲೂಕಿನಲ್ಲಿ ಒಳಗಿನ ಊರು ಅದು. ಅಲ್ಲಿ ಓದಿದವರಲ್ಲಿ ಊರಲ್ಲೇ ಉಳಿದವರು ಕಡಿಮೆ. ನಾನು 1996ರ ಬ್ಯಾಚು, ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ. ಎಕ್ಸೆಲ್ ಗೊತ್ತಿದೆಯಲ್ಲ ಅಂತ ಆಮಂತ್ರಣದ ಹೊಣೆ ನನಗೆ ಬಂತು.

ವಾಟ್ಸಾಪ್ ಗುಂಪಿದೆಯಲ್ಲ, ಅಲ್ಲಿ ಹಾಕಿದರೆ ಸಾಕಲ್ವಾ ಅಂತ ಹಲವರು ಕೇಳಿದರು. ಗುಂಪಿನಲ್ಲಿ ಹಾಕಿದ್ದು ಸಂಜೆಯೊಳಗೆ ಶುಭೋದಯದ ಹೂಗಳ ಕೆಳಗೆ ಹೂತುಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಗುಂಪಿಗೆ ಹಾಕಿದ ಆಮಂತ್ರಣ ಯಾರಿಗೂ ತನಗೇ ಬಂದದ್ದು ಅನ್ನಿಸುವುದಿಲ್ಲ. ನಮ್ಮ ಕಡೆ ಮದುವೆಗೆ ಕರೆಯುವಾಗ ಮನೆಗೇ ಹೋಗಿ, ಹೆಸರು ಹಿಡಿದು ಕರೆಯುತ್ತಾರೆ. ಹಾಗೆ ಕರೆಯಬೇಕು ಅನ್ನುವುದು ನನ್ನ ಆಸೆ. ಅದಕ್ಕೆ ಒಬ್ಬೊಬ್ಬರಿಗೂ ಬೇರೆ ಬೇರೆ ಮೇಲ್ ಹೋಗಬೇಕು ಅಂತ ಹಟ ಹಿಡಿದೆ. ಒಂದೇ ಪತ್ರದಲ್ಲಿ ಪಟ್ಟಿಯಿಂದ ಒಬ್ಬೊಬ್ಬರ ಹೆಸರು ತುಂಬಿ ಕಳಿಸುವುದಕ್ಕೆ ಮೇಲ್ ಮರ್ಜ್ ಅನ್ನುತ್ತಾರೆ.

ಕೈಗೆ ಸಿಕ್ಕಿದ್ದು ಮೂರು ಪಟ್ಟಿ. ಒಂದು, ಶಾಲೆಯ ದಾಖಲಾತಿ ಪುಸ್ತಕ ನೋಡಿ ಬರೆದುಕೊಂಡದ್ದು. ಇನ್ನೊಂದು, ಸಂಘದವರು ವಾಟ್ಸಾಪ್‌ನಲ್ಲಿ ಕೂಡಿಹಾಕಿದ್ದು. ಮೂರನೆಯದು, ಸುಮಾರು 2008ರಲ್ಲಿ ಕಟ್ಟಡ ನಿಧಿಗಾಗಿ ಮಾಡಿದ್ದ ಎಕ್ಸೆಲ್ ಫೈಲು. ಅದನ್ನು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರದ ತಲೆ ಮೇಲೆ ಸೊಟ್ಟ ಗುರುತು ಹಾಕಿದಂಥ ಸಾಲುಗಳು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಈಗ ಎಲ್ಲ ಕಡೆ ಓದಲಾಗುವ ಯುನಿಕೋಡ್ ಅಲ್ಲ. ಮೇಲ್‌ನಲ್ಲಿ ಹಾಗೆಯೇ ಹೋದರೆ ಯಾರಿಗೂ ಓದಲಾಗುವುದಿಲ್ಲ.

ಪರಿವರ್ತಕಕ್ಕೆ ಹಾಕಿದರೆ ಯುನಿಕೋಡ್ ಆಗುತ್ತದೆ. ಆದರೆ ನಾನು ಮೊದಲ ಸಲ ಇಡೀ ಹಾಳೆಯನ್ನೇ ಹಾಕಿಬಿಟ್ಟೆ. ಇಮೇಲ್ ವಿಳಾಸಗಳು ನಿಜವಾದ ಇಂಗ್ಲಿಷ್‌ನಲ್ಲಿದ್ದವು. ಅವನ್ನೂ ಅದು ನುಡಿ ಅಕ್ಷರ ಅಂತ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಟ್ಟಿತು. ಮೂಲ ಫೈಲು ಬೇರೆ ಇಟ್ಟಿದ್ದರಿಂದ ಬಚಾವಾದೆ. ಆಮೇಲೆ ಹೆಸರಿನ ಕಾಲಂ ಒಂದನ್ನೇ ಬದಲಿಸಿದೆ. ಅರ್ಕಾವತ್ತು ಇರುವ ಹೆಸರುಗಳನ್ನು, ಅಂದರೆ ಮೂರ್ತಿ, ಪಾರ್ವತಿ, ಅರ್ಚನಾ ಇಂಥವನ್ನು, ಒಂದೊಂದಾಗಿ ಕಣ್ಣಲ್ಲಿ ನೋಡಿದೆ.

ಮೂರೂ ಪಟ್ಟಿ ಸೇರಿಸಿದಾಗ 612 ಜನ ಆದರು. ಇಮೇಲ್ ಇದ್ದವರು 418. ಉಳಿದವರಿಗೆ ಫೋನು, ಅಂಚೆ.

ವಿಳಾಸ ಶುಚಿ ಮಾಡುವುದಕ್ಕೇ ಎರಡು ವಾರದ ಸಂಜೆಗಳು ಹೋದವು. ಜಿಮೇಲ್ ಅನ್ನು ಜಿಮಿಯಲ್ ಅಂತ ಬರೆದವರಿದ್ದರು. ಕೊನೆಯಲ್ಲಿ ಡಾಟ್ ಕಾಮ್ ಬದಲು ಡಾಟ್ ಕಾನ್ ಆಗಿತ್ತು. ಒಂದೇ ಖಾನೆಯಲ್ಲಿ ಎರಡು ವಿಳಾಸ, ವಿಳಾಸದ ಹಿಂದೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ. ಖಾಲಿ ಜಾಗಕ್ಕೆ ಟ್ರಿಮ್, ಎರಡೆರಡು ಸಲ ಬಂದ ಹೆಸರಿಗೆ ಕೌಂಟ್‌ಇಫ್, ಇಷ್ಟು ಸೂತ್ರ ಸಾಕಾಯಿತು. ಜಿಮೇಲ್ ವಿಳಾಸದಲ್ಲಿ ಹೆಸರಿನ ನಡುವಿನ ಚುಕ್ಕೆ ಲೆಕ್ಕಕ್ಕಿಲ್ಲ. ಚುಕ್ಕೆ ಇದ್ದದ್ದೂ ಇಲ್ಲದ್ದೂ ಒಂದೇ ಪೆಟ್ಟಿಗೆಗೆ ಹೋಗುತ್ತದೆ. ಇದು ಗೊತ್ತಿಲ್ಲದಿದ್ದರೆ ಒಬ್ಬರಿಗೇ ಎರಡು ಪತ್ರ ಹೋಗುತ್ತದೆ.

ಎಕ್ಸೆಲ್ ತಾನಾಗಿ ಮಾಡುವ ಕೆಲವು ಕೆಲಸವನ್ನೂ ಹುಡುಕಿ ಸರಿಮಾಡಬೇಕಾಯಿತು. ಯಾರೋ ಬ್ಯಾಚಿನ ಕಾಲಂನಲ್ಲಿ 03-04 ಅಂತ ತುಂಬಿದ್ದರು. ಅದು ತಾರೀಖು ಆಗಿ ಕೂತಿತ್ತು. 91 ಸೇರಿಸಿ ಬರೆದ ಫೋನ್ ನಂಬರು ಹನ್ನೆರಡು ಅಂಕೆ ಆಗುತ್ತದೆ, ಅದನ್ನು ಚಿಕ್ಕದು ಮಾಡಿ ನಡುವೆ ಇ ಅಕ್ಷರ ಹಾಕಿ ತೋರಿಸುತ್ತದೆ. ತುಂಬುವ ಮೊದಲೇ ಕಾಲಂ ಅನ್ನು ಟೆಕ್ಸ್ಟ್ ಅಂತ ಮಾಡಿಟ್ಟರೆ ಈ ತೊಂದರೆ ಇಲ್ಲ. ಬ್ಯಾಚು ಅಂದರೆ ಸೇರಿದ ವರ್ಷವೋ ಬಿಟ್ಟ ವರ್ಷವೋ ಅನ್ನುವುದೂ ಗೊಂದಲ ಆಗಿತ್ತು. ಕಾಲಂನ ಹೆಸರನ್ನೇ ‘ಎಸ್ಸೆಸ್ಸೆಲ್ಸಿ ಬರೆದ ವರ್ಷ’ ಅಂತ ಬದಲಿಸಿದ ಮೇಲೆ ಯಾರೂ ತಪ್ಪು ತುಂಬಲಿಲ್ಲ.

ನನಗೆ ತುಂಬ ಯೋಚನೆ ಹಚ್ಚಿದ್ದು ಪತ್ರದ ಮೊದಲ ಸಾಲು. ಮೇಲ್ ಮರ್ಜ್ ಬಗ್ಗೆ ಎಲ್ಲಿ ಓದಿದರೂ ಮೊದಲ ಹೆಸರಿಗೊಂದು ಕಾಲಂ, ಕೊನೆಯ ಹೆಸರಿಗೊಂದು ಕಾಲಂ ಅಂತ ಹೇಳುತ್ತಾರೆ. ನಮ್ಮ ಹೆಸರುಗಳು ಹಾಗಿಲ್ಲ. ಎಚ್.ಎಸ್. ನಾಗರಾಜ ಅನ್ನುವವರ ಹೆಸರಿನ ಮೊದಲ ತುಂಡು ತೆಗೆದರೆ ‘ಪ್ರಿಯ ಎಚ್.ಎಸ್. ಅವರೇ’ ಆಗುತ್ತದೆ. ಕೊನೆಯ ತುಂಡು ತೆಗೆಯೋಣ ಅಂದರೆ, ಗಣಪತಿ ಭಟ್ ಅನ್ನುವವರು ‘ಪ್ರಿಯ ಭಟ್’ ಆಗುತ್ತಾರೆ. ಊರಲ್ಲಿ ಹಾಗೆ ಯಾರೂ ಕರೆಯುವುದಿಲ್ಲ.

ಇನ್ನು ಪ್ರತ್ಯಯ. ಇಂಗ್ಲಿಷ್ ಪತ್ರದಲ್ಲಿ ಹೆಸರನ್ನು ಎಲ್ಲಿ ಬೇಕಾದರೂ ತಂದು ಇಟ್ಟುಬಿಡಬಹುದು. ಕನ್ನಡದಲ್ಲಿ ಹೆಸರಿನ ಬಾಲಕ್ಕೆ ಏನೋ ಒಂದು ಅಂಟಿಕೊಳ್ಳುತ್ತದೆ. ‘ನೀವು ಇಂಥ ಊರಿನಿಂದ ಬರುವುದಾದರೆ’ ಅಂತ ಒಂದು ಸಾಲು ಬರೆದಿದ್ದೆ. ಊರಿನ ಕಾಲಂನ ಮುಂದೆ ‘ದಿಂದ’ ಅಂತ ಹಾಕಿದೆ. ಸಾಗರದಿಂದ ಸರಿಯಾಯಿತು. ಶಿರಸಿದಿಂದ, ಮೈಸೂರುದಿಂದ ಅಂತ ಬಂದಾಗ ಕಣ್ಣಿಗೆ ಕಲ್ಲು ಬಿದ್ದ ಹಾಗಾಯಿತು. ಶಿರಸಿಯಿಂದ, ಮೈಸೂರಿನಿಂದ ಆಗಬೇಕಲ್ಲ. ನಮ್ಮ ಭಾಷೆ ಗೊತ್ತಿಲ್ಲದ ಯಂತ್ರ ಬರೆದದ್ದು ಅಂತ ಒಂದೇ ಅಕ್ಷರಕ್ಕೆ ಗೊತ್ತಾಗುತ್ತದೆ. ಇಸವಿಗೆ ಮಾತ್ರ ಈ ಕಷ್ಟ ಇಲ್ಲ. 1983ರ, 1984ರ, 1990ರ, ಎಲ್ಲದಕ್ಕೂ ‘ರ’ ಹೊಂದುತ್ತದೆ.

ನಾನು ಕಂಡುಕೊಂಡ ದಾರಿ ಇಷ್ಟು. ಪ್ರತ್ಯಯ ಬೇಕಾದ ಕಡೆ ಹೆಸರಿನ ಮುಂದೆ ‘ಅವರು’ ಇಟ್ಟೆ. ನಾಗರಾಜ ಅವರಿಗೆ, ಸುಧಾ ಅವರಿಗೆ. ಬದಲಾಗುವುದು ‘ಅವರು’ ಮಾತ್ರ, ಹೆಸರು ಹಾಗೇ ಉಳಿಯುತ್ತದೆ. ಊರಿಗೆ ‘ಊರಿನಿಂದ’ ಅಂತಲೇ ಇನ್ನೊಂದು ಕಾಲಂ ಮಾಡಿ ಕೈಯಲ್ಲೇ ತುಂಬಿದೆ. ಪದೇ ಪದೇ ಬರುವ ಊರು ನಲವತ್ತೂ ಇರಲಿಲ್ಲ. ಮೊದಲ ಸಾಲಿಗೆ ಹೆಸರಿನ ಬದಲು ಇಡೀ ಸಂಬೋಧನೆಯನ್ನೇ ಖಾನೆಯಲ್ಲಿ ಬರೆದಿಟ್ಟೆ. ‘ಪ್ರೀತಿಯ ಗಣಪತಣ್ಣ’, ‘ಪ್ರೀತಿಯ ಸರೋಜಕ್ಕ’, ‘ಮಾನ್ಯ ನಾಗರಾಜ ಅವರೇ’, ‘ಪ್ರಿಯ ಕಾರ್ತಿಕ್’, ‘ಪೂಜ್ಯ ಗುರುಗಳೇ’. 418 ಖಾನೆ. ಪ್ರತಿ ಬ್ಯಾಚಿಗೆ ಒಬ್ಬರನ್ನು ಹಿಡಿದು, ‘ಇವರನ್ನ ನೀವೆಲ್ಲ ಏನಂತ ಕರೀತಿದ್ರಿ’ ಅಂತ ಕೇಳಿ ತುಂಬಿಸಿದೆ. ಕಂಪ್ಯೂಟರ್ ಮಾಡಬಹುದಾದ ಕೆಲಸ ಇದಲ್ಲ.

ಹಾಗೆ ಕೇಳುವಾಗಲೇ ಇನ್ನೊಂದು ಕಾಲಂ ಹುಟ್ಟಿತು, ‘ಸ್ವಂತ ಸಾಲು’. ಒಬ್ಬೊಬ್ಬರ ಬಗ್ಗೆ ಜೊತೆಯವರಿಗೆ ನೆನಪಿರುವ ಒಂದೇ ಒಂದು ಮಾತು. ‘1983ರ ವಾರ್ಷಿಕೋತ್ಸವದಲ್ಲಿ ನೀವು ಅಭಿಮನ್ಯು ವೇಷ ಹಾಕಿದ್ದು ಇಲ್ಲಿ ಇನ್ನೂ ಮಾತಾಡಿಕೊಳ್ಳುತ್ತಾರೆ.’ ‘ಮಳೆಗಾಲದಲ್ಲಿ ಹಳ್ಳ ದಾಟಿಸಲು ನಿಮ್ಮ ತಂದೆ ಬರುತ್ತಿದ್ದದ್ದು ಯಾರೂ ಮರೆತಿಲ್ಲ.’ ಎಲ್ಲರಿಗೂ ಸಿಗಲಿಲ್ಲ, ಮುನ್ನೂರು ಚಿಲ್ಲರೆ ಜನರಿಗೆ ಸಿಕ್ಕಿತು. ಸಿಗದವರ ಪತ್ರದಲ್ಲಿ ಆ ಜಾಗ ಖಾಲಿ ಕಾಣದಂತೆ, ಖಾನೆ ಖಾಲಿಯಿದ್ದರೆ ಆ ಪ್ಯಾರಾವನ್ನೇ ಬಿಟ್ಟುಬಿಡು ಅಂತ ಸ್ಕ್ರಿಪ್ಟ್‌ನಲ್ಲಿ, ಅಂದರೆ ಪತ್ರ ಕಳಿಸಲು ಕಂಪ್ಯೂಟರಿಗೆ ಕೊಡುವ ಸೂಚನೆಗಳಲ್ಲಿ, ಬರೆದೆ.

ಹಿರಿಯ ಬ್ಯಾಚಿನವರಲ್ಲಿ ಹಲವರು ಕೊಟ್ಟಿದ್ದು ಮಗನದ್ದೋ ಮಗಳದ್ದೋ ವಿಳಾಸ. ಕೆಲವು ಮಕ್ಕಳು ಅಮೆರಿಕದಲ್ಲಿ. ‘ಯಾರ ಮೇಲ್’ ಅಂತ ಒಂದು ಕಾಲಂ ಮಾಡಿ, ಅಂಥ ಕಡೆ ಪತ್ರದ ಮೇಲೆ ‘ದಯವಿಟ್ಟು ಇದನ್ನು ನಿಮ್ಮ ತಂದೆಯವರಿಗೆ ಓದಿ ಹೇಳಿ’ ಅಂತ ಬರುವಂತೆ ಮಾಡಿದೆ. ಆ ಒಂದು ಸಾಲಿಗೆ ಬಂದಷ್ಟು ಉತ್ತರ ಬೇರೆ ಯಾವುದಕ್ಕೂ ಬರಲಿಲ್ಲ.

ಕಳಿಸುವ ಸಾಧನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವರ್ಡ್ ಮತ್ತು ಔಟ್‌ಲುಕ್ ಸೇರಿಸಿ ಮಾಡಬಹುದು, ಥಂಡರ್‌ಬರ್ಡ್‌ಗೆ ಮೇಲ್ ಮರ್ಜ್ ಆಡ್-ಆನ್ ಇದೆ. ನಮ್ಮದು ಸಂಘದ ಉಚಿತ ಜಿಮೇಲ್ ಖಾತೆ. ಪಟ್ಟಿ ಗೂಗಲ್ ಶೀಟ್ಸ್‌ನಲ್ಲಿತ್ತು. ಅದರ ಎಕ್ಸ್‌ಟೆನ್ಷನ್ಸ್ ಮೆನುವಿನಲ್ಲೇ ಆಪ್ಸ್ ಸ್ಕ್ರಿಪ್ಟ್ ಸಿಗುತ್ತದೆ. ಮೂವತ್ತು ಸಾಲಿನ ಸ್ಕ್ರಿಪ್ಟು. ಒಂದೊಂದು ಸಾಲು ಓದುತ್ತದೆ, ಪತ್ರದಲ್ಲಿ ಗುರುತು ಹಾಕಿದ ಜಾಗಕ್ಕೆ ಖಾನೆಯ ಮಾತು ತುಂಬುತ್ತದೆ, ಕಳಿಸುತ್ತದೆ. ಕಳಿಸಿದ ತಕ್ಷಣ ಅದೇ ಸಾಲಿನ ‘ಸ್ಥಿತಿ’ ಕಾಲಂನಲ್ಲಿ ‘ಹೋಯಿತು’ ಅಂತ ತಾರೀಖಿನ ಜೊತೆ ಬರೆಯುತ್ತದೆ. ಇದನ್ನು ಬಿಡಲೇಬೇಡಿ. ಸ್ಕ್ರಿಪ್ಟು ಆರು ನಿಮಿಷಕ್ಕಿಂತ ಹೆಚ್ಚು ಓಡಿದರೆ ಗೂಗಲ್ ಅದನ್ನು ನಿಲ್ಲಿಸುತ್ತದೆ. ಎಲ್ಲಿಗೆ ನಿಂತಿತು ಅಂತ ಬರೆದಿರದಿದ್ದರೆ, ಮತ್ತೆ ಶುರು ಮಾಡಿದಾಗ ಮೊದಲಿನವರಿಗೇ ಎರಡನೇ ಸಲ ಹೋಗುತ್ತದೆ. ಉಚಿತ ಖಾತೆಯಲ್ಲಿ ಸ್ಕ್ರಿಪ್ಟಿನಿಂದ ದಿನಕ್ಕೆ 100 ಜನರಿಗೆ ಮಾತ್ರ ಕಳಿಸಬಹುದು. ಪರೀಕ್ಷೆಗೆ ಕಳಿಸಿಕೊಂಡದ್ದೂ ಆ ಲೆಕ್ಕಕ್ಕೇ ಸೇರುತ್ತದೆ. ಅದಕ್ಕೆ ನಾನು ದಿನಕ್ಕೆ 80 ಅಂತ ಇಟ್ಟುಕೊಂಡೆ.

ಬರುತ್ತೀರಾ ಇಲ್ಲವಾ ಅಂತ ತಿಳಿಯಲು ಗೂಗಲ್ ಫಾರ್ಮ್ ಕೊಂಡಿ ಕೊಟ್ಟೆ. ಫಾರ್ಮಿನಲ್ಲಿ ಮೊದಲೇ ತುಂಬಿದ ಕೊಂಡಿ ಮಾಡುವ ಸೌಲಭ್ಯ ಇದೆ. ಆ ಕೊಂಡಿಯಲ್ಲಿ ಪ್ರತಿಯೊಬ್ಬರ ಕ್ರಮಸಂಖ್ಯೆ ಸೇರುವಂತೆ ಮಾಡಿದ್ದರಿಂದ, ಉತ್ತರ ಯಾವ ಸಾಲಿನವರದ್ದು ಅಂತ ಹುಡುಕುವ ಕೆಲಸವೇ ಇರಲಿಲ್ಲ.

ಪರೀಕ್ಷೆಗೆ ಪಟ್ಟಿಯ ಮೊದಲ ಹತ್ತು ಸಾಲು ತೆಗೆದುಕೊಳ್ಳಬೇಡಿ. ಅವು ಯಾವಾಗಲೂ ಸರಿಯಾಗೇ ಇರುತ್ತವೆ. ನಾನು ಬೇಕಂತಲೇ ವಕ್ರ ಸಾಲುಗಳನ್ನು ಆರಿಸಿದೆ. ತುಂಬ ಉದ್ದದ ಹೆಸರು, ಸ್ವಂತ ಸಾಲು ಇಲ್ಲದ್ದು, ಮಗನ ವಿಳಾಸದ್ದು, ಗುರುಗಳದ್ದು. ಎಲ್ಲವನ್ನೂ ನನ್ನ ವಿಳಾಸಕ್ಕೇ ಕಳಿಸಿಕೊಂಡು ಫೋನಿನಲ್ಲಿ ಓದಿದೆ.

ಇಷ್ಟೆಲ್ಲ ಮಾಡಿಯೂ ಮೊದಲ ಸಂಜೆಯೇ ತಪ್ಪಾಯಿತು. ಕಳಿಸುವ ಮೊದಲು ಹೆಸರನ್ನು ಅಕಾರಾದಿಯಾಗಿ ಜೋಡಿಸೋಣ ಅಂತ ಹೋದೆ. ಇಡೀ ಹಾಳೆ ಆರಿಸದೆ, ಹೆಸರು ಮತ್ತು ಸಂಬೋಧನೆ ಈ ಎರಡು ಕಾಲಂ ಮಾತ್ರ ಆರಿಸಿ ಸಾರ್ಟ್ ಮಾಡಿದೆ. ಹೆಸರುಗಳು ಜಾಗ ಬದಲಿಸಿದವು, ವಿಳಾಸಗಳು ಇದ್ದಲ್ಲೇ ಉಳಿದವು. ನೋಡುವುದಕ್ಕೆ ಏನೂ ಗೊತ್ತಾಗುವುದಿಲ್ಲ. ಸ್ಕ್ರಿಪ್ಟು ಓಡುತ್ತಿರುವಾಗಲೇ ಒಬ್ಬ ಹಿರಿಯರು ಫೋನ್ ಮಾಡಿದರು. ‘ಏನಮ್ಮಾ, ನಂಗೆ ಪ್ರೀತಿಯ ಸರೋಜಕ್ಕ ಅಂತ ಬಂದಿದೆಯಲ್ಲ’ ಅಂದರು. ತಕ್ಷಣ ನಿಲ್ಲಿಸಿದೆ. ಅಷ್ಟರಲ್ಲಿ 37 ಹೋಗಿದ್ದವು.

ಶೀಟ್ಸ್‌ನಲ್ಲಿ ಹಿಂದಿನ ಆವೃತ್ತಿಗೆ ಮರಳುವ ಸೌಲಭ್ಯ ಇರುವುದರಿಂದ ಪಟ್ಟಿ ಉಳಿಯಿತು. ಆ 37 ಜನರಿಗೆ ಕೈಯಾರೆ ಒಂದೊಂದೇ ಕ್ಷಮೆಯ ಪತ್ರ ಬರೆದೆ. ಬೆಳಗಿನ ಜಾವ ಆಯಿತು. ಆಮೇಲಿಂದ ಕ್ರಮಸಂಖ್ಯೆಯನ್ನು ಹಾಳೆಯ ಎರಡು ತುದಿಗೂ ಇಟ್ಟಿದ್ದೇನೆ. ಎರಡೂ ಒಂದೇ ಅಲ್ಲದಿದ್ದರೆ ಆ ಸಾಲನ್ನು ಕಳಿಸಬೇಡ ಅಂತ ಸ್ಕ್ರಿಪ್ಟಿಗೆ ಹೇಳಿದ್ದೇನೆ. ಒಂದು ತುದಿಯ ಕಾಲಂ ಸೇರಿ ಜರುಗಿದ್ದರೆ ತಪ್ಪು ಇದರಲ್ಲಿ ಸಿಕ್ಕಿಬೀಳುತ್ತದೆ, ನಡುವಿನ ಕಾಲಂ ಮಾತ್ರ ಜರುಗಿದ್ದರೆ ಸಿಗುವುದಿಲ್ಲ. ಉಳಿದ 381 ಪತ್ರ ಐದು ದಿನದಲ್ಲಿ ಹೋದವು.

43 ವಾಪಸ್ ಬಂದವು. ಹೆಚ್ಚಿನವು ಬಿಟ್ಟುಬಂದ ಕಂಪನಿಯ ವಿಳಾಸಗಳು. ಗಮನದಲ್ಲಿಡಿ, ಬೌನ್ಸ್ ಆದರೂ ಶೀಟ್‌ನಲ್ಲಿ ‘ಹೋಯಿತು’ ಅಂತಲೇ ಇರುತ್ತದೆ. ಇನ್‌ಬಾಕ್ಸ್ ನೋಡಿ ನಾವೇ ತಿದ್ದಬೇಕು.

ಒಂದು ಪತ್ರ ತೀರಿಕೊಂಡವರ ಹೆಸರಿಗೆ ಹೋಗಿತ್ತು. ಅವರ ಹೆಂಡತಿ ಉತ್ತರ ಬರೆದರು. ‘ಅವರು ಹೋಗಿ ಎರಡು ವರ್ಷ ಆಯಿತು. ಅವರು ಶಾಲೆಯಲ್ಲಿ ಕೊಳಲು ಊದುತ್ತಿದ್ದರು ಅಂತ ನಿಮ್ಮ ಪತ್ರದಿಂದಲೇ ನನಗೆ ಗೊತ್ತಾಯಿತು.’ ಏನು ಬರೆಯಬೇಕು ಅಂತ ತಿಳಿಯದೆ ಅರ್ಧ ದಿನ ಸುಮ್ನೆ ಇದ್ದೆ. ಆಮೇಲೆ ಫೋನ್ ಮಾಡಿದೆ. ಆ ಸ್ವಂತ ಸಾಲು ಹೇಳಿದ್ದ ಗೆಳೆಯರ ನಂಬರನ್ನು ಅವರನ್ನು ಕೇಳಿಯೇ ಕೊಟ್ಟೆ. ಹೆಂಡತಿ, ಮಗ ಇಬ್ಬರೂ ಕಾರ್ಯಕ್ರಮಕ್ಕೆ ಬಂದರು. ಈಗ ಪಟ್ಟಿಯನ್ನು ವರ್ಷಕ್ಕೊಮ್ಮೆ ಬ್ಯಾಚಿನವರ ಮುಂದಿಟ್ಟು ಓದಿಸುತ್ತೇವೆ.

ಪತ್ರದ ಕೊನೆಗೆ ‘ಇಂಥ ಮೇಲ್ ಬೇಡ ಅನ್ನಿಸಿದರೆ ಬೇಡ ಅಂತ ಒಂದು ಪದ ಬರೆಯಿರಿ’ ಅಂತಿತ್ತು. ಐದು ಜನ ಬರೆದರು. ಅವರ ಸಾಲನ್ನು ಅಳಿಸಲಿಲ್ಲ, ‘ಬೇಡ’ ಅಂತ ಗುರುತು ಹಾಕಿದೆ. ಅಳಿಸಿದರೆ ಮುಂದಿನ ಸಲ ಇನ್ಯಾರೋ ಹಳೆ ಪಟ್ಟಿಯಿಂದ ಅವರನ್ನು ಮತ್ತೆ ಸೇರಿಸುತ್ತಾರೆ. ವ್ಯಾಪಾರ ಮಾಡುವ ಹಳೆ ವಿದ್ಯಾರ್ಥಿಯೊಬ್ಬರು ಇಡೀ ಪಟ್ಟಿ ಕೇಳಿದರು. ಕೊಡಲಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾಯ್ದೆ 2023ರಲ್ಲೇ ಆಗಿದೆ, ಅದು ಒಪ್ಪಿಗೆಯ ಮಾತನ್ನೇ ಹೇಳುತ್ತದೆ. ಕಾಯ್ದೆ ಇರದಿದ್ದರೂ ಕೊಡುತ್ತಿರಲಿಲ್ಲ. ಜನ ವಿಳಾಸ ಕೊಟ್ಟದ್ದು ಶಾಲೆಯನ್ನು ನಂಬಿ.

2025ರ ಜೂನ್‌ನಲ್ಲಿ ಹೊಸ ಬ್ಯಾಚಿನ 31 ಹೆಸರು ಸೇರಿದವು. ಹದಿನೆಂಟು ತುಂಬದವರು, ಹಾಗಾಗಿ ಮನೆಯವರ ಸಹಿ ಹಾಕಿಸಿದ ಚೀಟಿ ಪಡೆದೆವು. ತಮ್ಮನ್ನು ಏನಂತ ಕರೆಯಬೇಕು ಅನ್ನುವ ಕಾಲಂ ಮಾತ್ರ ಮಕ್ಕಳೇ ತುಂಬಿ ಕೊಟ್ಟರು.